ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು

ಚಾಮರಾಜನಗರ
೧೦ ಫೆಬ್ರವರಿ ೧೯೯೭

ಪ್ರೀತಿಯ ತಂಗಿ ನೀಲಾವತಿಗೆ,

ಅಣ್ಣ ಮುದ್ದಯ್ಯನ ಆಶೀರ್ವಾದ. ಕ್ಷೇಮಸಮಾಚಾರ ಆಮೇಲೆ ಬರೆಯುತ್ತೇನೆ, ಮೊದಲು ಮುಖ್ಯ ವಿಷಯ ಕೇಳು. ನಿನ್ನ ಯಜಮಾನರ ಕಷ್ಟ ಮುಗಿಯುವ ಕಾಲ ಬಂದಿದೆ.

ಬದನಗುಪ್ಪೆ ಹತ್ತಿರ ಹೊಸದೊಂದು ನೂಲಿನ ಕಾರ್ಖಾನೆ ಶುರುವಾಗಿದೆ. ಅದರ ಮ್ಯಾನೇಜರ್ ಸುನೀಲ್ ಕುಮಾರ್ ನಮ್ಮ ಬೀದಿಯಲ್ಲೇ ಮನೆ ಮಾಡಿದ್ದಾರೆ. ಒಳ್ಳೆಯ ಮನುಷ್ಯ. ಶುಚಿ ಸ್ವಲ್ಪ ಜಾಸ್ತಿ, ದಿನಾ ಬಿಳಿ ಪ್ಯಾಂಟು. ಅವರ ಜೀಪಿಗೆ ಒಬ್ಬ ಡ್ರೈವರ್ ಬೇಕಂತೆ. ಕಾಯಂ ಕೆಲಸ, ಯೂನಿಫಾರಂ, ಭಾನುವಾರ ರಜೆ, ಹಬ್ಬಕ್ಕೆ ಬೋನಸ್. ನಾನು ಶಿವರಾಮು ಹೆಸರು ಹೇಳಿದ ಕೂಡಲೇ, "ನಿಮ್ಮ ಕಡೆಯವರಾದರೆ ಕಳಿಸಿ ಮುದ್ದಯ್ಯನವರೇ, ಒಂದು ಸಲ ಓಡಿಸಿ ತೋರಿಸಲಿ" ಎಂದರು. ಈ ತಿಂಗಳ ಕೊನೆಯೊಳಗೆ ಬರಬೇಕು. ತಡಮಾಡಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಆ ದೊಡ್ಡಮಲ್ಲಪ್ಪನ ಬಸ್ಸಿನಲ್ಲಿ ಅವರು ಇನ್ನೆಷ್ಟು ವರ್ಷ ಸವೆಯಬೇಕು? ಬೆಳಿಗ್ಗೆ ಹಂಗಳದಿಂದ ಚಾಮರಾಜನಗರಕ್ಕೆ, ಸಂಜೆ ಚಾಮರಾಜನಗರದಿಂದ ಹಂಗಳಕ್ಕೆ. ಡ್ರೈವರ್ ಸೀಟು ಹರಿದು ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ ಎಂದು ನೀನೇ ಬರೆದಿದ್ದೆ. ಇಂಥವನ ಹತ್ತಿರ ಯಾಕೆ ಅಂಟಿಕೊಂಡಿದ್ದಾರೋ ನನಗಂತೂ ಅರ್ಥವಾಗುವುದಿಲ್ಲ.

ಮಾಲೀಕರೆಂದರೆ ನಮ್ಮ ನಂಜುಂಡಪ್ಪನವರ ಹಾಗಿರಬೇಕು. ಈ ಅರಿಶಿನದ ಮಂಡಿಯ ಬಾಗಿಲು ನಾನು ಬಂದರೇ ತೆಗೆಯುವುದು. ಮುದ್ದಯ್ಯ ಇಲ್ಲದಿದ್ದರೆ ಮಂಡಿಯೇ ಇಲ್ಲ ಎಂದು ನಾಲ್ಕು ಜನರೆದುರು ಹೇಳುತ್ತಾರೆ. ಅದಕ್ಕೇ ನೋಡು, ನನಗೆ ಬಿಡುವೆಂಬುದೇ ಇಲ್ಲ. ಕುಮಾರಿಯ ಕಿವಿ ಚುಚ್ಚುವ ದಿನ ಬರಲಿಲ್ಲವೆಂದು ನೀನು ಮುನಿಸಿಕೊಂಡಿದ್ದೀಯೆ. ಮಗುವಿಗೆ ಮಾವನ ಹೆಸರಿನಲ್ಲಿ ಒಂದು ಮುತ್ತು ಕೊಡು. ನಿನ್ನ ಅತ್ತಿಗೆ ಗುರುಮಲ್ಲಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ.

ನಿನ್ನ ಅಣ್ಣ,
ಮುದ್ದಯ್ಯ


ಗುಂಡ್ಲುಪೇಟೆ
೧೯ ಫೆಬ್ರವರಿ ೧೯೯೭

ಅಣ್ಣನಿಗೆ ನೀಲಾವತಿಯ ನಮಸ್ಕಾರ.

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಒಲೆಯ ಮೇಲಿಟ್ಟ ಹಾಲೆಲ್ಲ ಉಕ್ಕಿಹೋಯಿತು, ಹೋಗಲಿ ಬಿಡು.

ದೊಡ್ಡಮಲ್ಲಪ್ಪನ ಪ್ರತಾಪ ಒಂದೆರಡಲ್ಲ. ಮುಂದಿನ ಗಾಜಿನ ವೈಪರ್ ಕೆಟ್ಟು ಒಂದು ಮಳೆಗಾಲವೇ ಕಳೆಯಿತು. ಮಳೆ ಬಂದರೆ ಕಂಡಕ್ಟರ್ ರಾಚಯ್ಯ ಬಾಗಿಲಲ್ಲಿ ನೇತಾಡಿಕೊಂಡು ಬಟ್ಟೆಯಲ್ಲಿ ಗಾಜು ಒರೆಸುತ್ತಾನೆ. ಯಾರೋ ಪುಂಡರು ಕಲ್ಲು ಹೊಡೆದು ಕಿಟಕಿ ಒಡೆದರೆ ಅದನ್ನು ಇವರ ಸಂಬಳದಲ್ಲಿ ಹಿಡಿದ. ಬಸ್ಸು ಕೆಟ್ಟು ನಿಂತ ದಿನವಾದರೂ ಮನೆಯಲ್ಲಿರಲು ಬಿಡುತ್ತಾನೆಯೇ? ಕರೆಸಿ ತನ್ನ ಅಂಬಾಸಿಡರ್ ಕಾರು ತೊಳೆಸುತ್ತಾನೆ. ಇವರೋ ತೊಳೆದು, ಒರೆಸಿ, ನಗುನಗುತ್ತಾ ಬರುತ್ತಾರೆ.

ಮೊನ್ನೆ ನನಗೆ ತಡೆಯಲಾಗಲಿಲ್ಲ. ಅವನಿಗೆ ಹೊಟ್ಟೆಯಲ್ಲಿ ಕರುಳೇ ಇಲ್ಲ ಎಂದುಬಿಟ್ಟೆ. ಮಾಲೀಕನನ್ನು ದಿನಬೆಳಗಾದರೆ ಬೈಯುವ ಇವರಿಗೆ ಆಗ ಬಂತು ನೋಡು ಸಿಟ್ಟು!

"ಅವ್ನ ಬೈಯಾಕೆ ನಾನಿವ್ನಿ, ನೀನ್ಯಾಕಮ್ಮಿ ಬಾಯಾಕ್ತಿಯಾ? ನಂಗೆ ಸ್ಟೇರಿಂಗ್ ಇಡಿಯಾಕೆ ಬರ್ದೆ ಇದ್ದಾಗ ಕ್ಲೀನರ್ ಕೆಲ್ಸ ಕೊಟ್ಟೋನು ಅವ್ನೆಯಾ."

ಎಂದೋ ಕೊಟ್ಟ ಕೆಲಸಕ್ಕೆ ಇಂದಿಗೂ ಕೈಮುಗಿಯುತ್ತಿದ್ದಾರೆ. ದಿನಾ ಬೆಳಿಗ್ಗೆ ತಮ್ಮ ಜೇಬಿನಿಂದಲೇ ಕನಕಾಂಬರ ಕೊಂಡು ಬಸ್ಸಿನ ಕನ್ನಡಿಗೆ ಮುಡಿಸುತ್ತಾರೆ. ಉಳಿದ ತುಂಡು ನನಗೆ. ಕಟ್ಟಿಕೊಂಡವಳಿಗೆ ಹೂವಿನಲ್ಲೂ ಎರಡನೆಯ ಸ್ಥಾನ ಅಣ್ಣ!

ಮೂರು ದಿನ ಮಾತು ಬಿಟ್ಟೆ. ಅದಕ್ಕೆ ಸೋತು ಒಪ್ಪಿದ್ದಾರೆ. ಮುಂದಿನ ವಾರ ಬಸ್ಸು ರಿಪೇರಿಗೆ ಮೈಸೂರಿಗೆ ಹೋಗುತ್ತದಂತೆ, ಆಗ ಬರುತ್ತಾರೆ. ಈ ಪತ್ರವನ್ನು ಅಂಚೆಗೇ ಹಾಕುತ್ತೇನೆ. ದಿನಾ ಚಾಮರಾಜನಗರಕ್ಕೆ ಬರುವವರ ಕೈಗೇ ಕೊಡಬಹುದಿತ್ತು, ಆದರೆ ಅವರ ಮೇಲಿನ ದೂರನ್ನು ಅವರ ಕೈಯಲ್ಲೇ ಹೊರಿಸುವುದು ಚೆನ್ನಾಗಿರುವುದಿಲ್ಲ.

ಈ ಕೆಲಸ ಸಿಗಲಿ ಎಂದು ಮಲೆ ಮಾದಪ್ಪನಿಗೆ ಹರಕೆ ಹೊತ್ತಿದ್ದೇನೆ. ಇವರು ಒಂದು ಭಾನುವಾರವಾದರೂ ಮಗಳ ಜೊತೆ ಕೂತು ಉಣ್ಣುವುದನ್ನು ನೋಡಬೇಕು. ಇನ್ನೇನೂ ಬೇಡ ನನಗೆ.

ನಿನ್ನ ತಂಗಿ,
ನೀಲಾವತಿ


ಚಾಮರಾಜನಗರ
೧ ಮಾರ್ಚ್ ೧೯೯೭

ನೀಲಾವತಿ,

ನಿನ್ನ ಗಂಡ ನನ್ನ ಮಾನ ಕಳೆದ.

ಬಂದದ್ದೇನೋ ಸರಿಯಾದ ಹೊತ್ತಿಗೇ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಮ್ಯಾನೇಜರು ಜೀಪಿನಲ್ಲಿ ಮುಂದೆ ಕೂತು "ಕಾರ್ಖಾನೆಗೆ ನಡಿಯಪ್ಪ" ಎಂದರು. ಮುಂದಿನದನ್ನು ಅವರ ಬಾಯಿಂದಲೇ ಕೇಳಿದ್ದೇನೆ.

ಊರು ದಾಟುತ್ತಿದ್ದ ಹಾಗೆ ಮರದಡಿ ನಿಂತಿದ್ದ ಒಬ್ಬ ಮುದುಕ ಕೈ ತೋರಿಸಿದ. ಜೀಪು ನಿಂತಿತು. ಎಂಜಿನ್ ಕೆಟ್ಟಿತೇನೋ ಎಂದು ಮ್ಯಾನೇಜರು ಕೆಳಗಿಳಿದು ನೋಡುವಷ್ಟರಲ್ಲಿ ಮುದುಕ ನುಗ್ಗೆಕಾಯಿಯ ಮೂಟೆ ಸಮೇತ ಹಿಂದೆ ಹತ್ತಿ ಕೂತಿದ್ದ. ಅಷ್ಟು ದೂರ ಹೋದ ಮೇಲೆ ಇಬ್ಬರು ಹೆಂಗಸರು ಕೈ ತೋರಿಸಿದರು. ಮತ್ತೆ ನಿಂತಿತು. ಅವರ ಜೊತೆ ಒಂದು ಪಂಜರ, ಪಂಜರದಲ್ಲಿ ಕೋಳಿ. ಆಮೇಲೆ ಒಬ್ಬ ಮೇಷ್ಟ್ರು. ಆಮೇಲೆ ಯಾರು ಯಾರೋ. ಹಿಂದೆ ಜಾಗ ಸಾಲದಾದಾಗ ನಿನ್ನ ಗಂಡ ಮ್ಯಾನೇಜರಿಗೆ ಏನೆಂದ ಗೊತ್ತೆ?

"ವಸಿ ಒಳೀಕ್ ಜರುಗಿ ಸಾರ್, ಆ ತಾಯಿ ಕೂತ್ಕಳ್ಳಿ."

ಮ್ಯಾನೇಜರು ಜರುಗಿದರು! ತೊಡೆಯ ಮೇಲೆ ಕೋಳಿ ಪಂಜರ ಬಂತು. ಬಿಳಿ ಪ್ಯಾಂಟಿನ ಗತಿ ನಾನು ಬರೆಯಲಾರೆ. ಅವರನ್ನು ಕಂಡಕ್ಟರ್ ಎಂದುಕೊಂಡು ಒಬ್ಬಾಕೆ ಚಿಲ್ಲರೆ ಕೊಟ್ಟು ಟಿಕೆಟ್ ಕೇಳಿದಳಂತೆ. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಸೆಲ್ಯೂಟ್ ಹೊಡೆದು ನಿಂತಿರುವಾಗ ಇವನು ಹಿಂದೆ ತಿರುಗಿ, "ಬದನಗುಪ್ಪೆ, ಬದನಗುಪ್ಪೆ, ಇಳೀರಿ ಬಿರ್ನೆ" ಎಂದು ಕೂಗಿದನಂತೆ.

ಇದು ಬೇಕೆಂದೇ ಮಾಡಿದ್ದು. ನನಗೆ ಗೊತ್ತು. ಕೆಲಸ ಬೇಡವೆನ್ನಲು ಬಾಯಿ ಬರಲಿಲ್ಲ, ಅದಕ್ಕೆ ಈ ನಾಟಕ. ಗೋಣಿಚೀಲದ ಮೇಲೆ ಕೂತು ಬೈಸಿಕೊಳ್ಳುವುದರಲ್ಲೇ ಅವನಿಗೆ ಸುಖ. ಇನ್ನು ಈ ವಿಷಯದಲ್ಲಿ ನನ್ನನ್ನು ಕೇಳಬೇಡ. ಮ್ಯಾನೇಜರ ಮನೆ ದಾಟುವಾಗ ನಾನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೇನೆ.

ಮುದ್ದಯ್ಯ


ಗುಂಡ್ಲುಪೇಟೆ
೧೨ ಮಾರ್ಚ್ ೧೯೯೭

ಅಣ್ಣನಿಗೆ ನಮಸ್ಕಾರ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅತ್ತುಬಿಟ್ಟೆ. ಎರಡನೆಯ ಸಲ ಕೋಳಿಯ ಜಾಗಕ್ಕೆ ಬಂದಾಗ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಕ್ಷಮಿಸು.

ಬೇಕೆಂದು ಮಾಡಿದ್ದಲ್ಲ ಅಣ್ಣ. ಇವರು ಮನೆಗೆ ಬಂದು ಜಗಲಿಯ ಮೇಲೆ ಕೂತರು. ಕಾಫಿ ಕೊಟ್ಟರೂ ಕುಡಿಯಲಿಲ್ಲ.

"ಜೀಪು ಅನ್ನೋದೇ ಮರ್ತೋಯ್ತು ಕಣಮ್ಮಿ. ಕೈ ಕಂಡ್ರೆ ಕಾಲು ತಂತಾನೆ ಬ್ರೇಕ್ ಮ್ಯಾಲೆ ಓಯ್ತದೆ, ನಾನೇನ್ ಮಾಡ್ಲಿ?"

ನನಗೆ ನಂಬಿಕೆ ಬರಲಿಲ್ಲ. ಹೀಗೂ ಉಂಟೇ ಎಂದು ಪರೀಕ್ಷೆ ಮಾಡಲು ಮೊನ್ನೆ ಮಗುವನ್ನು ಕಟ್ಟಿಕೊಂಡು ಇವರ ಬಸ್ಸನ್ನೇ ಹತ್ತಿದೆ. ಮದುವೆಯಾದಾಗಿನಿಂದ ಈ ಬಸ್ಸನ್ನು ಬೈದಿದ್ದೇನೆಯೇ ಹೊರತು ಅದರಲ್ಲಿ ನೆಮ್ಮದಿಯಾಗಿ ಕೂತು ನೋಡಿರಲಿಲ್ಲ.

ತೆರಕಣಾಂಬಿಯಲ್ಲಿ ಒಬ್ಬ ತಾತ ಆಸ್ಪತ್ರೆಯ ಚೀಟಿ ಕೊಟ್ಟ, ಸಂಜೆ ಔಷಧಿ ತಂದುಕೊಡಬೇಕಂತೆ. ಮುಂದಿನ ಊರಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ತವರಿಗೆಂದು ಒಬ್ಬಟ್ಟಿನ ಡಬ್ಬಿ ಕೊಟ್ಟಳು. ಬಿಸಿ ಆರುವುದರೊಳಗೆ ಮುಟ್ಟಿಸಿ ಎಂದು ಕೂಗಿಕೊಂಡು ಬಸ್ಸಿನ ಹಿಂದೆ ಓಡಿದಳು. ಉಡಿಗಾಲಕ್ಕೆ ತಿರುಗುವ ಗೇಟಿನಲ್ಲಿ ಬದನೆಕಾಯಿ ಮಾರುವ ಚಿಕ್ಕಮಲ್ಲಮ್ಮ ಬರುವುದು ತಡವಾಯಿತು. ಬಸ್ಸು ನಿಂತೇ ಇತ್ತು. ಒಳಗೆ ಕೂತವರೂ ಗೊಣಗಲಿಲ್ಲ, "ಇನ್ನೇನು ಬತ್ತದೆ ಮುದ್ಕಿ, ತಡಿ" ಎಂದು ತಾವೇ ಕತ್ತು ಚಾಚಿ ನೋಡುತ್ತಿದ್ದರು. ಆಕೆ ಹತ್ತಿ, ನಾನು ಯಾರೆಂದು ಕೇಳಿ, ನನ್ನ ಮಡಿಲಿಗೆ ಬದನೆಕಾಯಿ ಸುರಿದಳು. "ನಿನ್ ಗಂಡ ನನ್ ಮಗಿದ್ದಂಗೆ ಕಣವ್ವ" ಎಂದಳು. ಎಲ್ಲರೂ ಇವರನ್ನು ಬೈಯುತ್ತಾರೆ, ಎಲ್ಲರೂ ಇವರಿಗೆ ಏನಾದರೊಂದು ಕೊಡುತ್ತಾರೆ.

ರಾತ್ರಿ ಉಣ್ಣುವಾಗ ನೇರವಾಗಿ ಕೇಳಿದೆ, ಅಂಥ ಮಾಲೀಕನ ಹತ್ತಿರ ಯಾಕಿದ್ದೀರಿ ಎಂದು. ಇವರು ಮುದ್ದೆ ಮುರಿಯುತ್ತಾ ಹೇಳಿದರು:

"ಮಾಲೀಕ ತಿಂಗ್ಳಿಗೊಂದ್ ದಪ ಮಕ ತೋರುಸ್ತನೆ. ಈ ಜನ ದಿನಾ ತೋರುಸ್ತರೆ. ನಾನ್ ಯಾರ್ ತಾವ ಕೆಲ್ಸ ಮಾಡ್ತಿವ್ನಿ, ನೀನೇ ಯೋಳು?"

ನಾನು ಇನ್ನೊಂದು ಸೌಟು ಸಾರು ಬಡಿಸಿದೆ. ಆದರೂ ದೊಡ್ಡಮಲ್ಲಪ್ಪನ ಮೇಲಿನ ಸಿಟ್ಟು ಇಳಿದಿಲ್ಲ. ಈ ಜನರ ಪ್ರೀತಿಯನ್ನೆಲ್ಲ ಅವನು ತನ್ನ ಬಸ್ಸಿಗೆ ಡೀಸೆಲ್ ಮಾಡಿಕೊಂಡು ಓಡಿಸುತ್ತಿದ್ದಾನೆ.

ಯುಗಾದಿಗೆ ನೀನು ಬರಲೇಬೇಕು. ಅತ್ತಿಗೆಯನ್ನೂ ಕರೆದುಕೊಂಡು ಬಾ. ಇವರ ಬಸ್ಸಿನಲ್ಲೇ ಬಂದರೆ ನೀನೂ ಇವರೂ ದಾರಿಯುದ್ದಕ್ಕೂ ಜಗಳವಾಡಿ ಹಬ್ಬದ ಹೊತ್ತಿಗೆ ಸರಿಯಾಗಬಹುದು.

ನೀಲಾವತಿ


ಚಾಮರಾಜನಗರ
೪ ಏಪ್ರಿಲ್ ೧೯೯೭

ಪ್ರೀತಿಯ ನೀಲಾವತಿಗೆ ಆಶೀರ್ವಾದ.

ಯುಗಾದಿಗೆ ಬರಲಾಗುವುದಿಲ್ಲ. ಅರಿಶಿನ ಬರುವ ಕಾಲ ಇದು, ಗಾಡಿಗಳು ಸಾಲುಗಟ್ಟಿ ನಿಂತಿವೆ. ಎರಡು ದಿನ ರಜೆ ಕೇಳೋಣವೆಂದುಕೊಂಡೆ. ನಂಜುಂಡಪ್ಪನವರು ಸ್ವಲ್ಪ ಜೋರಾಗಿ ಮಾತನಾಡಿದರು. ಬೈಗುಳವೆಂದು ತಿಳಿಯಬೇಡ. ನಮ್ಮವನು ಎಂಬ ಸಲಿಗೆಯಿರುವುದರಿಂದ ಹಾಗೆ ಮಾತನಾಡುತ್ತಾರೆ. ಬೇರೆಯವರನ್ನಾದರೆ ಅಷ್ಟು ಬೈಯುವುದೇ ಇಲ್ಲ. ಸಂಜೆ ತಾವಾಗಿಯೇ, "ನೀನು ಹೋದ್ರೆ ನಂಗ್ ಯಾರಿದ್ದಾರೋ ಮುದ್ದಯ್ಯ" ಎಂದರು. ಅಂಥ ಮಾತು ಕೇಳಿದ ಮೇಲೆ ಬಿಟ್ಟು ಬರಲು ಮನಸ್ಸಾಗುತ್ತದೆಯೇ?

ಶಿವರಾಮು ಹೇಳಿದ ಮಾತು ಓದಿದೆ. ಕೇಳಲು ಚೆನ್ನಾಗಿದೆ. ಆದರೆ ಬದನೆಕಾಯಿಯಿಂದ ಮಗಳ ಶಾಲೆ ನಡೆಯುವುದಿಲ್ಲ. ತನ್ನ ಬೆಲೆ ತನಗೆ ತಿಳಿಯದ ಮನುಷ್ಯನಿಗೆ ಯಾರು ಏನು ಹೇಳಿದರೂ ಅಷ್ಟೇ.

ಅತ್ತಿಗೆ ಕುಮಾರಿಗೆ ಲಂಗದ ಬಟ್ಟೆ ಕಳಿಸಿದ್ದಾಳೆ. ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಕೊಟ್ಟಿದ್ದೇನೆ, ಶಿವರಾಮು ಇಸಿದುಕೊಳ್ಳಲಿ. ಬೇವಿಗಿಂತ ಬೆಲ್ಲವೇ ಹೆಚ್ಚಿರಲಿ ನಿಮ್ಮ ಮನೆಯಲ್ಲಿ.

ಮುದ್ದಯ್ಯ


ಗುಂಡ್ಲುಪೇಟೆ
೨೦ ಜೂನ್ ೧೯೯೭

ಅಣ್ಣನಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಸಿಟ್ಟಿನಿಂದ ಅಲ್ಲ ತಾನೆ? ಈಗ ಬರೆಯಲೇಬೇಕಾಗಿದೆ. ಇವರು ಕೆಲಸ ಬಿಟ್ಟಿದ್ದಾರೆ.

ಈ ತಿಂಗಳ ಮೊದಲಲ್ಲಿ ದೊಡ್ಡಮಲ್ಲಪ್ಪ ಬಸ್ಸಿನ ಗಾಜಿನ ಮೇಲೆ ಎಕ್ಸ್‌ಪ್ರೆಸ್ ಎಂದು ಕೆಂಪು ಬಣ್ಣದಲ್ಲಿ ಬರೆಸಿದ. ಹಂಗಳ, ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ ಬಿಟ್ಟು ಎಲ್ಲೂ ನಿಲ್ಲಿಸಕೂಡದು ಎಂದ. ನೋಡಿಕೊಳ್ಳಲು ತನ್ನ ಕಡೆಯವನೊಬ್ಬನನ್ನು ಬಸ್ಸಿನಲ್ಲೇ ಕೂರಿಸಿದ.

ಮೊದಲ ದಿನ ಉಡಿಗಾಲದ ಗೇಟಿನಲ್ಲಿ ಚಿಕ್ಕಮಲ್ಲಮ್ಮ ಕೈ ತೋರಿಸಿದಳು. ಬಸ್ಸು ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಆಕೆ ಚಾಚಿದ ಕೈಯನ್ನು ಇಳಿಸಿರಲಿಲ್ಲವಂತೆ. ಅಂದು ಇವರು ಊಟ ಮಾಡಲಿಲ್ಲ. ಮಾರನೆಯ ದಿನ ಆಕೆ ಗೇಟಿನಲ್ಲಿದ್ದಳು, ಕೈ ತೋರಿಸಲಿಲ್ಲ. ಕುಕ್ಕೆಯ ಪಕ್ಕ ಕೂತು ಸುಮ್ಮನೆ ಬಸ್ಸನ್ನು ನೋಡುತ್ತಿದ್ದಳು. ಇವರು ಬ್ರೇಕ್ ಹಾಕಿದರು. ಆಕೆ ಕಿಟಕಿಯ ಹತ್ತಿರ ಬಂದು ಕೇಳಿದಳಂತೆ:

"ನನ್ ಮ್ಯಾಲೆ ಏನಾರ ಬೇಜಾರಾ ಮಗ?"

ಇವರು ಕೆಳಗಿಳಿದು ಆಕೆಯ ಕುಕ್ಕೆಯನ್ನು ತಾವೇ ಮೇಲಿಟ್ಟರು. ಮಾಲೀಕನ ಕಡೆಯವನು ಕೂಗಾಡಿದರೂ ತಿರುಗಿ ನೋಡಲಿಲ್ಲ. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು ಹೋದರು, ಸಂಜೆ ಎಲ್ಲರನ್ನೂ ಅವರವರ ಊರಿನಲ್ಲಿ ಇಳಿಸಿದರು, ಆಮೇಲೆ ದೊಡ್ಡಮಲ್ಲಪ್ಪನ ಮನೆಗೆ ಹೋಗಿ ಬಸ್ಸಿನ ಕೀಲಿ ಮೇಜಿನ ಮೇಲಿಟ್ಟರು.

"ಓಗ್ಲಾ, ನಿನ್ನಂತೋರು ಸಾವ್ರ ಜನ ಸಿಕ್ತರೆ" ಎಂದನಂತೆ ಅವನು.

ಅಣ್ಣ, ನಾನು ಕುಣಿಯಬೇಕಿತ್ತು. ಇಷ್ಟು ವರ್ಷ ಬೇಡಿಕೊಂಡಿದ್ದು ಇದನ್ನೇ ಅಲ್ಲವೇ? ಆದರೆ ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೆ ಇವರು ಎದ್ದು ಬಾಗಿಲಲ್ಲಿ ನಿಲ್ಲುವುದನ್ನು ನೋಡಿದರೆ ಕುಣಿಯಲು ಕಾಲೇ ಏಳುವುದಿಲ್ಲ. ತಮಗೆ ಮಾಡಿದ್ದನ್ನೆಲ್ಲ ನುಂಗಿಕೊಂಡಿದ್ದವರು, ಆ ಮುದುಕಿಗೆ ಮಾಡಿದ್ದನ್ನು ನುಂಗಲಿಲ್ಲ. ಇಂಥವರನ್ನು ಕಟ್ಟಿಕೊಂಡಿದ್ದಕ್ಕೆ ನನಗೆ ಹೆಮ್ಮೆ, ಅದನ್ನು ನಿನ್ನ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ?

ನಿನ್ನೆ ಏನಾಯಿತು ಗೊತ್ತೆ? ಸಾವಿರ ಜನರಲ್ಲಿ ಒಬ್ಬನೂ ಸಿಗಲಿಲ್ಲವೇನೋ, ದೊಡ್ಡಮಲ್ಲಪ್ಪ ರಾಚಯ್ಯನನ್ನು ಕಳಿಸಿದ್ದ. "ಬರ್ಬೇಕಂತೆ ಅಣ್ಣೋ, ಮರ್ತ್‌ಬುಡಂತೆ" ಎಂದ ರಾಚಯ್ಯ. ಅಷ್ಟೇ, ಇವರು ಎದ್ದು ಖಾಕಿ ಶರಟು ಹುಡುಕಲು ಒಳಗೆ ಬಂದರು! ನಾನು ಮೊದಲೇ ಹಿತ್ತಿಲಿಗೆ ಓಡಿ ಅದನ್ನು ಸೋಪಿನ ನೀರಿಗೆ ಅದ್ದಿಬಿಟ್ಟಿದ್ದೆ. ಬಕೆಟ್ಟಿನ ಮುಂದೆ ಇಬ್ಬರೂ ನಿಂತೆವು. ಇವರು ಶರಟನ್ನು ನೋಡಿದರು, ನನ್ನನ್ನು ನೋಡಿದರು, ನಕ್ಕುಬಿಟ್ಟರು. ರಾಚಯ್ಯ ಕಾಫಿ ಕುಡಿದು ಹೋದ.

ಆದರೆ ಇನ್ನೊಂದು ಸಲ ಕರೆದರೆ ಹೋಗಿಯೇ ಬಿಡುತ್ತಾರೆ. ದಿನಾ ಶರಟು ನೆನೆಹಾಕಲು ನನ್ನಿಂದಾಗುವುದಿಲ್ಲ. ಕೋಳಿಯ ವಿಷಯ ಮರೆತು ಆ ಮ್ಯಾನೇಜರನ್ನು ಇನ್ನೊಮ್ಮೆ ಕೇಳುತ್ತೀಯಾ ಅಣ್ಣ?

ನೀಲಾವತಿ


ಚಾಮರಾಜನಗರ
೫ ಜುಲೈ ೧೯೯೭

ನನ್ನ ಮುದ್ದಿನ ತಂಗಿ,

ಮೊದಲು ಬಾಯಿಗೆ ಸಕ್ಕರೆ ಹಾಕಿಕೊಂಡು ಆಮೇಲೆ ಓದು.

ಮ್ಯಾನೇಜರ ಮನೆಯ ಮುಂದೆ ಎರಡು ಸಲ ಹೋಗಿ ವಾಪಸು ಬಂದೆ. ಮೂರನೆಯ ಸಲ ಅವರೇ ಒಳಗೆ ಕರೆದರು. ಶಿವರಾಮು ಕೆಲಸ ಬಿಟ್ಟ ಕಥೆಯನ್ನು, ನೀನು ಬರೆದಂತೆಯೇ, ಹೆದರಿಕೊಂಡು ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ನಗಲು ಶುರುಮಾಡಿದರು. ಹೆಂಡತಿಯನ್ನು ಕೂಗಿ, "ಬಾರೇ, ನನ್ನ ಪ್ಯಾಂಟಿಗೆ ಗತಿ ಕಾಣಿಸಿದ ಡ್ರೈವರು ಸಿಕ್ಕಿದ" ಎಂದರು.

ವಿಷಯ ಹೀಗಿದೆ. ಹಳ್ಳಿಗಳಿಂದ ಕೆಲಸಕ್ಕೆ ಬರುವ ಹೆಂಗಸರನ್ನು ಕರೆತರಲು ಕಾರ್ಖಾನೆಯವರು ಒಂದು ಬಸ್ಸು ಹಾಕಿದ್ದಾರೆ. ಈಗಿರುವ ಡ್ರೈವರ್ ಯಾರಿಗೂ ಕಾಯುವುದಿಲ್ಲವಂತೆ. ಒಬ್ಬಳು ಮಗುವಿಗೆ ಹಾಲು ಕುಡಿಸಿ ಬರುವುದು ತಡವಾದರೆ ಬಿಟ್ಟು ಬರುತ್ತಾನೆ. ಅರ್ಧ ಬಸ್ಸು ಖಾಲಿ, ಕಾರ್ಖಾನೆಯಲ್ಲಿ ಯಂತ್ರಗಳು ಸುಮ್ಮನೆ ನಿಂತಿರುತ್ತವೆ. "ನನ್ನ ಜೀಪಿಗೆ ಆತ ಬೇಡ ಮುದ್ದಯ್ಯನವರೇ, ಆದರೆ ಆ ಬಸ್ಸಿಗೆ ಆತನೇ ಬೇಕು" ಎಂದರು. ಗುಂಡ್ಲುಪೇಟೆಯಿಂದಲೇ ಬಸ್ಸು ಹೊರಡುತ್ತದೆ, ನೀವು ಮನೆ ಬದಲಿಸುವುದೂ ಬೇಡ. ಕಾಯಂ ಕೆಲಸ, ಭಾನುವಾರ ರಜೆ. ಸೀಟಿನಲ್ಲಿ ಸ್ಪಂಜು ಇದೆ, ನಾನೇ ಒತ್ತಿ ನೋಡಿದೆ.

ಶಿವರಾಮು ಅವರಿಗೆ ಹೇಳು, ಅವರು ಬೇಕೆಂದು ಮಾಡಿದರೆಂದು ನಾನು ಬರೆದದ್ದು ತಪ್ಪು.

ಹೊರಡುವಾಗ ಮ್ಯಾನೇಜರು ತಮಾಷೆಗೆಂಬಂತೆ, "ನಮಗೆ ಒಬ್ಬ ಸ್ಟೋರ್ ಕೀಪರೂ ಬೇಕಾಗಿದ್ದಾರೆ, ನೀವೇ ಬಂದುಬಿಡಿ" ಎಂದರು. ನಕ್ಕುಬಿಟ್ಟೆ. ನಂಜುಂಡಪ್ಪನವರನ್ನು ಬಿಟ್ಟು ಹೋಗುವುದುಂಟೇ? ಮಂಡಿ ಏನಾಗಬೇಕು?

ಮುದ್ದಯ್ಯ


ಗುಂಡ್ಲುಪೇಟೆ
೧೮ ಆಗಸ್ಟ್ ೧೯೯೭

ಅಣ್ಣನಿಗೆ ನೀಲಾವತಿಯ ನಮಸ್ಕಾರ.

ನಮ್ಮ ಚಾಮರಾಜನಗರ ಈಗ ಜಿಲ್ಲೆಯಾಯಿತು, ನಮ್ಮ ಮನೆಯಲ್ಲಿ ಭಾನುವಾರವೂ ಬಂತು. ಯಾವುದು ದೊಡ್ಡ ಸುದ್ದಿ ಎಂದು ಕೇಳಿದರೆ ನಾನು ಎರಡನೆಯದೇ ಎನ್ನುತ್ತೇನೆ. ನಿನ್ನೆ ಇವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡರು. ಉಂಡು ಮಲಗಿದರು. ಗೊರಕೆಯನ್ನೂ ಹೊಡೆದರು. ನಾನು ಬಾಗಿಲಲ್ಲಿ ಕೂತು ಅದನ್ನು ಕೇಳಿದೆ.

ಚಿಕ್ಕಮಲ್ಲಮ್ಮ ಸೊಸೆಯನ್ನೂ ಕಾರ್ಖಾನೆಗೆ ಸೇರಿಸಿದ್ದಾಳೆ. ಈಗ ಸೊಸೆಯನ್ನು ಹತ್ತಿಸುವ ನೆಪದಲ್ಲಿ ಬೆಳಿಗ್ಗೆ ಉಡಿಗಾಲದ ಗೇಟಿಗೆ ಬಂದು ಇವರನ್ನು ಬೈದು ಹೋಗುತ್ತಾಳಂತೆ.

ಇನ್ನು ನಿನ್ನ ವಿಷಯ. ಕೋಪ ಮಾಡಿಕೊಳ್ಳಬೇಡ.

ಕಳೆದ ವಾರ ಮಗುವಿಗೆ ಪುಸ್ತಕ ಕೊಳ್ಳಲು ಇವರ ಬಸ್ಸಿನಲ್ಲೇ ಚಾಮರಾಜನಗರಕ್ಕೆ ಬಂದಿದ್ದೆ. ಹೇಳದೆ ಬಂದು ನಿನ್ನನ್ನು ಬೆರಗುಗೊಳಿಸೋಣವೆಂದು ಮಂಡಿಯ ಬೀದಿಯಲ್ಲಿ ಇಳಿದೆ. ಬೆರಗಾದವಳು ನಾನು. ನಂಜುಂಡಪ್ಪ ಬೀದಿಗೆಲ್ಲ ಕೇಳುವ ಹಾಗೆ ನಿನ್ನನ್ನು ಬೈಯುತ್ತಿದ್ದ. ನೀನು ಕೈಕಟ್ಟಿ ನಿಂತಿದ್ದೆ. ಅವನು ಹೋದ ಮೇಲೆ ಮೂಟೆಗಳ ಸಂದಿಯಲ್ಲಿ ನಿಂತುಕೊಂಡೇ ಬುತ್ತಿ ಬಿಚ್ಚಿ ತಿಂದೆ. ನಿನಗೆ ಕೂರಲು ಒಂದು ಸ್ಟೂಲು ಕೂಡ ಇಲ್ಲವೇ ಅಣ್ಣ? ನಾನು ಎದುರಿಗೆ ಬರಲಿಲ್ಲ. ಬಂದಿದ್ದರೆ ನೀನು ಆ ತುತ್ತನ್ನೂ ನುಂಗುತ್ತಿರಲಿಲ್ಲ.

ಸಂಜೆ ಇವರ ಎದುರು ಅತ್ತುಬಿಟ್ಟೆ. ಇವರಿಗೆ ಎಲ್ಲ ಗೊತ್ತಿತ್ತು! ಹಳೆಯ ಬಸ್ಸಿನಲ್ಲೂ ದಿನಾ ಅದೇ ಬೀದಿಯಲ್ಲಿ ಹಾದುಹೋಗುತ್ತಿದ್ದರಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದೆ.

"ಭಾವ ನಿಂಗೆ ದೊಡ್ಡ ಮನ್ಸ ಕಣಮ್ಮಿ. ಅದ ಕೆಡ್ಸೋಕೆ ನಾನ್ಯಾರು? ಅವ್ರು ನಂಗೆ ಬೈದು ಬರೀತಿದ್ರಲ್ಲ, ಅದು ನಂಗಲ್ಲ. ಅವ್ರಿಗವ್ರೇ ಬೈಕತಿದ್ರು ಅನ್ಕಂಡು ಸುಮ್ಕಿದ್ದೆ."

ಇಂಥವರನ್ನು ನಾಟಕ ಮಾಡಿದ ಎಂದು ಬೈದಿದ್ದೆಯಲ್ಲ!

ಅಣ್ಣ, ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ನೀನು. ನನ್ನ ಮದುವೆಯಲ್ಲಿ ಬಂದವರೆಲ್ಲ ಉಂಡು ಏಳುವವರೆಗೆ ನೀನು ಉಣ್ಣಲಿಲ್ಲ. ನಿನಗೆ ಕೂರಲು ಜಾಗ ಕೊಡದವನ ಮಂಡಿ ಏನಾದರೆ ನನಗೇನು? ಮೂರು ವರ್ಷದಿಂದ ಗೌರಿಹಬ್ಬಕ್ಕೆ ತವರಿನ ಬಾಗಿನ ಬಸ್ಸಿನಲ್ಲಿ ಬರುತ್ತದೆ, ಅಣ್ಣ ಬರುವುದಿಲ್ಲ. ತನ್ನ ಬೆಲೆ ತನಗೆ ತಿಳಿಯದ ಮನುಷ್ಯ ಎಂದು ನೀನು ಬರೆದಿದ್ದೆ. ನಾನು ಹಾಗೆ ಬರೆಯುವುದಿಲ್ಲ. ನಿನ್ನ ಬೆಲೆ ನನಗೆ ಗೊತ್ತು, ಅಷ್ಟು ಸಾಕು.

ಸ್ಟೋರ್ ಕೀಪರ್ ಕೆಲಸ ಇನ್ನೂ ಖಾಲಿ ಇದೆ. ಇವರು ಮ್ಯಾನೇಜರ ಹತ್ತಿರ ಮಾತನಾಡಿದ್ದಾರೆ, ಅವರು ಬರಲಿ ಎಂದಿದ್ದಾರೆ. ನಿನಗೆ ಹೇಳಲು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ:

"ಬರೋ ಸ್ವಾಮಾರ ಬೆಳುಗ್ಗೆ ಮಂಡಿ ಮುಂದ್ಕೆ ಬಸ್ ತಂದು ನಿಲ್ಲುಸ್ತೀನಿ. ಭಾವ ಅತ್ತೋಗಂಟ ನಾನು ಒರಡಕಿಲ್ಲ. ಕಾರ್ಖಾನೆ ತಡ ಆದ್ರೆ ಆಗ್ಲಿ."

ಇವರ ಸ್ವಭಾವ ನಿನಗೆ ಗೊತ್ತು. ಬಸ್ಸು ತುಂಬ ಹೆಂಗಸರಿರುತ್ತಾರೆ, ಅಣ್ಣ. ಅವರನ್ನೆಲ್ಲ ಬೀದಿಯಲ್ಲಿ ಕಾಯಿಸಬೇಡ.

ನೀಲಾವತಿ


ಚಾಮರಾಜನಗರ
೨೫ ಆಗಸ್ಟ್ ೧೯೯೭, ಸೋಮವಾರ ಸಂಜೆ

ನೀಲಾವತಿಗೆ,

ನಿನ್ನ ಪತ್ರವನ್ನು ಗುರುಮಲ್ಲಮ್ಮನಿಗೆ ತೋರಿಸಬಾರದೆಂದುಕೊಂಡೆ. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತಂತೆ. ನಿನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಎಲ್ಲ ಗೊತ್ತಿದ್ದು, ಎಲ್ಲರೂ ನನ್ನ ಮುಖ ನೋಡಿ ಸುಮ್ಮನಿದ್ದರು. ಮೂರು ದಿನ ನಾಚಿಕೆ. ನಾಲ್ಕನೆಯ ದಿನ ಏನೋ ಹಗುರ.

ಯಾಕಿದ್ದೆ ಎಂದು ನನ್ನನ್ನೇ ಕೇಳಿಕೊಂಡೆ. ಬೈಗುಳದ ನಡುವೆ ಎಂದಾದರೊಮ್ಮೆ ಮುದ್ದಯ್ಯ ಇಲ್ಲದಿದ್ದರೆ ಆಗುವುದಿಲ್ಲ ಎನ್ನುವರಲ್ಲ, ಆ ಒಂದು ಮಾತಿಗೆ. ಮುಂದಿನ ಸಲ ಆ ಮಾತು ಬರುವವರೆಗೆ ಮಿಕ್ಕದ್ದನ್ನೆಲ್ಲ ತಡೆದುಕೊಳ್ಳುತ್ತಿದ್ದೆ. ಹೊರಗೆ ನಾನು ಯಾರಿಗೆ ಬೇಕು ಎಂಬ ಅಂಜಿಕೆಯೂ ಇತ್ತು. ಶಿವರಾಮುವಿಗೆ ದಾರಿಯುದ್ದಕ್ಕೂ ಜನರಿದ್ದರು. ನನಗೆ ಅದೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಮಂಡಿ ತೆರೆದು, ಕಸ ಗುಡಿಸಿ, ನಂಜುಂಡಪ್ಪನವರಿಗಾಗಿ ಕಾದೆ. ಅವರು ಬಂದು ಗದ್ದುಗೆಯ ಮೇಲೆ ಕೂತರು. ಬೀಗದ ಕೈಗೊಂಚಲನ್ನು ಮುಂದಿಟ್ಟು ಕೆಲಸ ಬಿಡುವ ವಿಷಯ ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಬೈಯುತ್ತಾರೆಂದು ಸಿದ್ಧನಾಗಿದ್ದೆ. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಗದ್ದುಗೆಯಲ್ಲಿ ತಾವೇ ಒಂದಿಷ್ಟು ಸರಿದು, "ಬಾ ಮುದ್ದಯ್ಯ, ಕೂತ್ಕೊ. ಏನ್ ಅವಸರ? ಕಾಫಿ ತರುಸ್ತೀನಿ" ಎಂದರು.

ನೀಲಾವತಿ, ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಗಳಲ್ಲಿ ಅವರು ನನಗೆ ಕೂರಲು ಹೇಳಿದ್ದು ಅದೇ ಮೊದಲು. ಕೂರಲೆಂದು ನನ್ನ ಮೊಣಕಾಲು ಆಗಲೇ ಬಾಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಕಾಫಿ ಬಂದು ಒಂದು ಗುಟುಕು ಕುಡಿದಿದ್ದರೆ ನಾನು ಸಾಯುವವರೆಗೂ ಅಲ್ಲೇ ಇರುತ್ತಿದ್ದೆ.

ಆಗ ಹೊರಗೆ ಹಾರ್ನ್ ಕೇಳಿಸಿತು. ಒಂದು ಸಲ ಅಲ್ಲ, ಬಿಡದೆ. ಬೀದಿಯವರೆಲ್ಲ ಎದ್ದು ನೋಡಿದರು. ಬಸ್ಸು ಮಂಡಿಯ ಬಾಗಿಲಿಗೇ ಬಂದು ನಿಂತಿತ್ತು. ಕಿಟಕಿಗಳಲ್ಲೆಲ್ಲ ಹೂ ಮುಡಿದ ತಲೆಗಳು. ಹಿಂದೆ ಎತ್ತಿನಗಾಡಿ, ಲಾರಿ, ಸೈಕಲ್ಲು ಎಲ್ಲ ಸಿಕ್ಕಿಹಾಕಿಕೊಂಡು ಬಾಯಿ ಮಾಡುತ್ತಿದ್ದವು. ಶಿವರಾಮು ಸ್ಟೇರಿಂಗ್ ಮೇಲೆ ಮೊಣಕೈ ಊರಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮುಂದೆ ನೋಡುತ್ತಾ ಕೂತಿದ್ದರು. ಒಬ್ಬ ಹೆಣ್ಣುಮಗಳು ಕಿಟಕಿಯಿಂದ ಅರ್ಧ ಆಚೆ ಬಂದು ಕೂಗಿದಳು:

"ಬಿರ್ನೆ ಬನ್ನಿ ಅಣ್ಣೋ, ನಿಮ್ಮಿಂದ ನಮ್ಗೂ ತಡ ಆಯ್ತದೆ!"

ನಂಜುಂಡಪ್ಪನವರಿಗೆ ಕೈಮುಗಿದೆ. "ಕಾಫಿ ಬೇಡಿ ಸ್ವಾಮಿ, ಬಸ್ಸು ನಿಂತಿದೆ" ಎಂದೆ. ಇದಕ್ಕಿಂತ ದೊಡ್ಡ ಮಾತು ನನಗೆ ಹೊಳೆಯಲಿಲ್ಲ. ಹೊರಗೆ ಬಂದೆ.

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಯಾರೋ ಕೈಹಿಡಿದು ಎಳೆದುಕೊಂಡರು, ಇನ್ಯಾರೋ ನನ್ನ ಬುತ್ತಿ ಇಸಿದುಕೊಂಡರು, ಬಸ್ಸು ತುಂಬ ನಗು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನಾನೂ ನಕ್ಕೆ. ಅಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಗಿತ್ತೋ. ಶಿವರಾಮು ಹಿಂದೆ ತಿರುಗಿ ಒಂದೇ ಮಾತು ಕೇಳಿದರು.

"ಓಗನಾ ಭಾವ?"

"ಹೋಗನ" ಎಂದೆ.

ನಿನ್ನ ಅಣ್ಣ,
ಮುದ್ದಯ್ಯ